ಪಡಸಾಲೆಯ ಒಳಬಾಗಿಲು

ನಮ್ಮ ಮನೆಯ ಪಡಸಾಲೆಗೆ ಎರಡು ಬಾಗಿಲು. ಬೀದಿ ಕಡೆಯ ಬಾಗಿಲಿನಿಂದ ಹುಡುಗರು ಬರುತ್ತಿದ್ದರು. ಒಳಗಿನ ಬಾಗಿಲಿನಿಂದ ನಾವು ಹೆಣ್ಣುಮಕ್ಕಳು ಅಲ್ಲಿಗೆ ಹೋಗುವಂತಿರಲಿಲ್ಲ. ಕೊಟ್ಟೂರಿನ ಹಳೆಯ ಓಣಿಯೊಂದರಲ್ಲಿದ್ದ ಮಾಳಿಗೆ ಮನೆ ಅದು. ದಪ್ಪ ಮಣ್ಣಿನ ಗೋಡೆ, ತಲೆಗೆ ತಾಗುವಂಥ ತೊಲೆಗಳು, ನಡುಮನೆಗೆ ಬೆಳಕು ಬೀಳಲೆಂದು ಮಾಳಿಗೆಯಲ್ಲಿ ಬಿಟ್ಟ ಒಂದು ಬೆಳಕಿಂಡಿ. ಮನೆಯಲ್ಲಿದ್ದ ಒಳ್ಳೆಯದೆಲ್ಲ ಪಡಸಾಲೆಯಲ್ಲಿತ್ತು: ಕಿಟಕಿಗಳು, ಇದ್ದ ಒಂದೇ ಫ್ಯಾನು, ಗೋಡೆಗೆ ಬಡಿದ ಕರಿಹಲಗೆ, ಪುಸ್ತಕದ ಕಪಾಟು. ಅಪ್ಪ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ. ಶಾಲೆ ಬಿಟ್ಟ ಮೇಲೆ ಮನೆಯಲ್ಲಿ ಟ್ಯೂಷನ್. ಊರ ಹುಡುಗರಷ್ಟೇ ಅಲ್ಲ, ಕೂಡ್ಲಿಗಿ ಕಡೆಯ ಹಳ್ಳಿಗಳಿಂದ, ಹಗರಿಬೊಮ್ಮನಹಳ್ಳಿಯಿಂದ ಕೂಡ ಬಸ್ಸು ಹಿಡಿದು ಬರುವವರಿದ್ದರು. ಅವರು ಕುಳಿತಿರುವಷ್ಟು ಹೊತ್ತು ಅವ್ವ ಒಗ್ಗರಣೆ ಹಾಕುವಂತಿರಲಿಲ್ಲ. ಮೆಣಸಿನಕಾಯಿಯ ಘಾಟು ಹೋಗಿ ಯಾರಾದರೂ ಕೆಮ್ಮಿದರೆ ಅಪ್ಪ ಪಾಠ ನಿಲ್ಲಿಸಿ ಒಳಬಾಗಿಲಿನ ಕಡೆ ತಿರುಗಿ ನಿಲ್ಲುತ್ತಿದ್ದ. ಅವ್ವ ಒಲೆಯ ಮೇಲಿನ ಬಾಣಲೆಯನ್ನು ಕೆಳಗಿಳಿಸುತ್ತಿದ್ದಳು. ಹೀಗಾಗಿ ನಮ್ಮ ಮನೆಯಲ್ಲಿ ಪಲ್ಯ ಯಾವಾಗಲೂ ತಡ, ರೊಟ್ಟಿ ಯಾವಾಗಲೂ ತಣ್ಣಗೆ. ಆ ಮನೆ ಈಗಿಲ್ಲ. ತಮ್ಮ ಅದನ್ನು ಕೆಡವಿಸಿ ಸಿಮೆಂಟಿನ ಮನೆ ಕಟ್ಟಿಸಿದ್ದಾನೆ. ಹಳೆ ಮನೆ ಬೀಳುವಾಗ ನೋಡಲು ಬಾ ಎಂದು ಕರೆದಿದ್ದ. ನಾನು ಹೋಗಲಿಲ್ಲ.

ಸಣ್ಣವಳಿದ್ದಾಗ ನನಗೆ ಪಡಸಾಲೆಗೆ ಪ್ರವೇಶವಿತ್ತು, ಅದನ್ನು ಹೇಳದಿದ್ದರೆ ಅಪ್ಪನಿಗೆ ಅನ್ಯಾಯವಾಗುತ್ತದೆ. ನೆಂಟರೋ ಶಾಲೆಯ ಮೇಷ್ಟ್ರುಗಳೋ ಬಂದರೆ ಅಪ್ಪ ನನ್ನನ್ನು ಕರೆದು ನಡುವೆ ನಿಲ್ಲಿಸುತ್ತಿದ್ದ. ಬಂದವರು ದೊಡ್ಡ ದೊಡ್ಡ ಗುಣಾಕಾರ ಕೇಳುವರು, ನಾನು ಬಾಯಲ್ಲೇ ಹೇಳುವೆ. ಅವರು ಕಾಗದದ ಮೇಲೆ ಮಾಡಿ ನೋಡುವಷ್ಟರಲ್ಲಿ ಅಪ್ಪ ಮೀಸೆಯಡಿ ನಗುತ್ತಿರುತ್ತಿದ್ದ.

"ಇನ್ನೊಂದು ಕೇಳ್ರಿ. ನನ್ನ ಮಗಳು ಅದಾಳ, ಬೇಕಾದ್ದು ಕೇಳ್ರಿ."

ಅವನ ಆ ನಗುವಿಗಾಗಿ ನಾನು ಎಷ್ಟು ಲೆಕ್ಕ ಬೇಕಾದರೂ ಮಾಡುತ್ತಿದ್ದೆ. ಆಮೇಲೆ ನಾನು ದೊಡ್ಡವಳಾದೆ. ಆರತಿ ಎತ್ತಿದರು, ಹೊಸ ಸೀರೆ ಉಡಿಸಿದರು, ಉಂಡಿ ಕೊಬ್ಬರಿ ತಿನ್ನಿಸಿದರು. ಅದೆಲ್ಲ ಮುಗಿದ ಮರುದಿನ ಎಂದಿನಂತೆ ಪಡಸಾಲೆಗೆ ಕಾಲಿಟ್ಟರೆ ಅಪ್ಪ ತಲೆಯೆತ್ತದೆ ಹೇಳಿದ:

"ಹುಡುಗ್ರು ಬರೋ ಹೊತ್ತು. ಒಳಗ ಹೋಗು."

ಅಷ್ಟೇ. ಅಂದಿನಿಂದ ಬಂದವರ ಮುಂದೆ ನನ್ನನ್ನು ಯಾರೂ ಕರೆಯಲಿಲ್ಲ. ಒಳಬಾಗಿಲಿಗೆ ಒಂದು ಹಳೆಯ ಸೀರೆಯ ಪರದೆ ಬಂತು. ಹುಡುಗರ ಮುಖ ನನಗೆ ಕಾಣುತ್ತಿರಲಿಲ್ಲ, ದನಿಗಳು ಗೊತ್ತಾಗುತ್ತಿದ್ದವು. ಯಾವ ದನಿಗೆ ಲೆಕ್ಕ ತಿಳಿದಿದೆ, ಯಾವ ದನಿ ತಿಳಿದಂತೆ ನಟಿಸುತ್ತಿದೆ ಎಂದು ನಾನು ಬೇಳೆ ಆರಿಸುತ್ತಲೇ ಹೇಳಬಲ್ಲವಳಾದೆ.

ಒಂಬತ್ತನೇ ಕ್ಲಾಸಿನಲ್ಲಿ ನನ್ನನ್ನು ಒಂದು ಪ್ರಶ್ನೆ ಹಿಡಿಯಿತು. ಮೇಲಿನಿಂದ ಬಿಟ್ಟ ವಸ್ತುವಿನ ವೇಗ ಬೀಳುತ್ತ ಬೀಳುತ್ತ ಹೆಚ್ಚುತ್ತದೆ ಎಂದು ವಿಜ್ಞಾನದ ಪುಸ್ತಕದಲ್ಲಿತ್ತು. ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕಲು ಹತ್ತಿದಾಗ ನಾನು ಹಿತ್ತಲಿಗೆ ಹರಳು ಬಿಟ್ಟು ನೋಡುತ್ತಿದ್ದೆ. ಕೈ ಬಿಟ್ಟಾಗ ಅದು ನಿಂತೇ ಇದೆ. ನೆಲಕ್ಕೆ ಬಡಿಯುವಾಗ ಓಡುತ್ತಿದೆ. ನಡುವೆ ಯಾವುದೋ ಒಂದು ಕ್ಷಣದಲ್ಲಿ ಅದರ ವೇಗ ಎಷ್ಟು? ವೇಗ ಹೇಳಬೇಕಾದರೆ ಇಷ್ಟು ದೂರ, ಇಷ್ಟು ಹೊತ್ತು ಎಂದು ಬೇಕು. ಒಂದೇ ಕ್ಷಣವೆಂದರೆ ಅಲ್ಲಿ ಹೊತ್ತೂ ಇಲ್ಲ, ದೂರವೂ ಇಲ್ಲ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಬಾರದು ಎಂದು ಇದೇ ಅಪ್ಪನೇ ಹೇಳಿಕೊಟ್ಟಿದ್ದ. ಊಟಕ್ಕೆ ಕೂತಾಗ ಅವನನ್ನು ಕೇಳಿದೆ.

"ಸೂತ್ರ ಐತಲ್ಲ, ಹಾಕು," ಅಂದ ಅಪ್ಪ.

"ಸೂತ್ರ ಹಾಕಿದ್ರ ಉತ್ತರ ಬರತೈತಿ. ಆದ್ರ ಹೆಂಗ ಬರತೈತಿ?"

"ಪರೀಕ್ಷಾದಾಗ ಅದನ್ನ ಕೇಳಂಗಿಲ್ಲ. ಉಣ್ಣು."

ಅದೇ ವರ್ಷ ಊರ ಕಾಲೇಜಿನಲ್ಲಿ ಲೆಕ್ಕ ಹೇಳುತ್ತಿದ್ದವರು ವರ್ಗವಾಗಿ ಹೋದರು. ಪಿಯುಸಿ ಹುಡುಗರ ತಂದೆಯರು ಬಂದು ಪಡಸಾಲೆಯಲ್ಲಿ ಕೂತು, ಮೇಷ್ಟ್ರೇ ನೀವೇ ಗತಿ ಅಂದರು. ಅಪ್ಪ ಎಂದೋ ಬಳ್ಳಾರಿಯಲ್ಲಿ ಬಿ.ಎಸ್ಸಿ. ಓದಿದ್ದ. ಊರಿನಲ್ಲಿ ಅವನಿಗೆ ಬಾರದ ಲೆಕ್ಕ ಇಲ್ಲ ಎಂಬ ಮಾತಿತ್ತು, ಆ ಮಾತನ್ನು ಕಳೆದುಕೊಳ್ಳುವುದು ಅವನಿಂದ ಆಗಲಿಲ್ಲ. ಲೆಕ್ಕ ಮತ್ತು ಫಿಸಿಕ್ಸ್ ಎರಡಕ್ಕೂ ಒಪ್ಪಿಕೊಂಡ. ಪಿಯುಸಿಯ ದಪ್ಪ ಇಂಗ್ಲಿಷ್ ಪುಸ್ತಕಗಳು ಮನೆಗೆ ಬಂದವು. ಆಮೇಲೆ ಕೆಲವು ವಾರ ಅಪ್ಪ ನಡುಮನೆಯಲ್ಲಿ ಬೆಳಕಿಂಡಿಯ ಕೆಳಗೆ ಪುಸ್ತಕ ತೆರೆದು ಕೂರುವುದನ್ನು ನೋಡಿದೆ. ಒಂದೇ ಪುಟವನ್ನು ಬಹಳ ಹೊತ್ತು ನೋಡುತ್ತಿದ್ದ, ಆಮೇಲೆ ಪುಸ್ತಕದ ಕೊನೆಯ ಪುಟಗಳಲ್ಲಿ ಉತ್ತರ ಹುಡುಕುತ್ತಿದ್ದ. ಮಡಿಚಿ ಕೂತ ಕಾಲು ಸುಮ್ಮನೆ ಅಲುಗುತ್ತಿತ್ತು. ಅಪ್ಪನಿಗೆ ಹೆದರಿಕೆಯಾಗಿದೆ ಎಂದು ಅರ್ಥವಾಗುವುದಕ್ಕೆ ನನಗೆ ಸ್ವಲ್ಪ ದಿನ ಬೇಕಾಯಿತು. ಅಪ್ಪನಿಗೆ ಹೆದರಿಕೆ ಎಂಬುದು ಇದೆ ಎಂದೇ ನಾನು ಅಂದುಕೊಂಡಿರಲಿಲ್ಲ.

ಅವನು ಶಾಲೆಗೆ ಹೋದಾಗ ನಾನು ಆ ಪುಸ್ತಕ ತೆರೆದೆ. ಆಗ ಬೇಸಿಗೆ ರಜೆ, ಅವನಿಗೆ ಪರೀಕ್ಷೆಯ ಪತ್ರಿಕೆ ತಿದ್ದುವ ಕೆಲಸ. ನನ್ನದು ಕನ್ನಡ ಮಾಧ್ಯಮ. ಮೊದಲ ಪುಟದಲ್ಲೇ ಅರ್ಧ ಮಾತು ಗೊತ್ತಾಗಲಿಲ್ಲ. ಕಪಾಟಿನಲ್ಲಿ ಬೆನ್ನು ಹರಿದ ಒಂದು ಇಂಗ್ಲಿಷ್-ಕನ್ನಡ ನಿಘಂಟು ಇತ್ತು. 'ಲಿಮಿಟ್' ಎಂದರೆ ಮಿತಿ, ಎಲ್ಲೆ ಎಂದು ಕೊಟ್ಟಿತ್ತು. 'ಟೆಂಡ್ಸ್' ಎಂಬಲ್ಲಿ ವಾಲು, ಒಲಿ ಎಂದಿತ್ತು. ಎಕ್ಸ್ ಸೊನ್ನೆಯ ಕಡೆಗೆ ವಾಲುತ್ತದೆ. ಆ ಒಂದು ವಾಕ್ಯವನ್ನು ಇಟ್ಟುಕೊಂಡು ನಾನು ಬಹಳ ದಿನ ಓಡಾಡಿದೆ. ಸೊನ್ನೆ ಆಗುವುದಿಲ್ಲ, ಸೊನ್ನೆಯ ಕಡೆಗೆ ವಾಲುತ್ತದೆ. ಹಾಗಾದರೆ ಹರಳಿನ ವಿಷಯದಲ್ಲಿ ನಾನು ಕ್ಷಣವನ್ನು ಹಿಡಿಯಹೋಗಿ ಸೋತಿದ್ದೆ. ಕ್ಷಣದ ಅಕ್ಕಪಕ್ಕದ ಚೂರು ಹೊತ್ತನ್ನು ತೆಗೆದುಕೊಳ್ಳಬೇಕು, ಅದನ್ನು ಇನ್ನೂ ಚೂರು ಮಾಡಬೇಕು, ಮತ್ತೂ ಮಾಡಬೇಕು, ಭಾಗಾಕಾರದ ಉತ್ತರ ಎತ್ತ ವಾಲುತ್ತಿದೆ ನೋಡಬೇಕು. ಅಡುಗೆಮನೆಯ ನೆಲಕ್ಕೆ ಹಾಸಿದ ಕರಿಯ ಕಡಪಾ ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಮಾಡಿದೆ. ಬಿದ್ದ ದೂರದಿಂದ ಹೊರಟು, ಚೂರುಗಳನ್ನು ಸಣ್ಣದು ಮಾಡುತ್ತ ಹೋದರೆ, ಅಪ್ಪ ಹಾಕು ಎಂದಿದ್ದ ಸೂತ್ರ ತಾನಾಗಿ ಎದುರಿಗೆ ಬಂದು ನಿಂತಿತು. ಯಾರೂ ಕೊಟ್ಟದ್ದಲ್ಲ, ನಾನೇ ಕರೆಸಿದ್ದು. ಅಲ್ಲಿ ಇದ್ದವಳು ಅವ್ವ ಒಬ್ಬಳೇ, ಅವಳಿಗೇ ಹೇಳಿದೆ.

"ಆತು," ಅಂದಳು ಅವ್ವ. "ಇನ್ನ ಏಳು, ನೆಲ ಒರಸಬೇಕು."

ಆ ಬೇಸಿಗೆಯೆಲ್ಲ ಹಾಗೆಯೇ ಹೋಯಿತು. ಇಂಟಿಗ್ರೇಷನ್ ಅರ್ಥವಾಗಿದ್ದು ಹಿತ್ತಲ ನಲ್ಲಿಯ ಹತ್ತಿರ. ನಮ್ಮ ಓಣಿಗೆ ನೀರು ಬರುತ್ತಿದ್ದುದು ಆಗೀಗ. ಮೊದಲು ಜೋರಾಗಿ ಬಂದು, ಬರಬರುತ್ತ ಸಣ್ಣಗಾಗಿ, ಕಡೆಗೆ ಹನಿಯುತ್ತಿತ್ತು. ಹಂಡೆ ತುಂಬುತ್ತದೋ ಇಲ್ಲವೋ ಎಂಬುದು ಅವ್ವನ ಚಿಂತೆ. ಒಂದೇ ಸಮ ಬಂದರೆ ಗುಣಾಕಾರ ಸಾಕು. ಬರುವ ಜೋರೇ ಬದಲಾಗುತ್ತಿದ್ದರೆ? ಹೊತ್ತನ್ನು ಚೂರು ಮಾಡಿ, ಒಂದೊಂದು ಚೂರಿನಲ್ಲಿ ಬಿದ್ದಷ್ಟನ್ನು ಕೂಡುತ್ತ ಹೋಗಬೇಕು. ಪುಸ್ತಕದಲ್ಲಿದ್ದ, ಹೆಡೆಯೆತ್ತಿದ ಹಾವಿನಂಥ ಆ ಚಿಹ್ನೆ ಕೂಡುವುದಕ್ಕೆ ಇನ್ನೊಂದು ಹೆಸರು ಅಷ್ಟೇ ಎಂದು ಕೊಡ ಎತ್ತುವಾಗ ಹೊಳೆಯಿತು. ನನಗೆ ಆಗ ಹದಿನೈದು. ಈ ಸುಖವನ್ನು ಹಂಚಿಕೊಳ್ಳಲು ಒಬ್ಬ ಗೆಳತಿ ಇರಲಿಲ್ಲ, ಒಬ್ಬ ಮೇಷ್ಟ್ರು ಇರಲಿಲ್ಲ. ಇದ್ದ ಮೇಷ್ಟ್ರು ನಡುಮನೆಯಲ್ಲಿ ಕಾಲು ಅಲುಗಿಸುತ್ತ ಕೂತಿದ್ದ.

ಹೋಗಿ ಹೇಳಿದೆ. ಅಪ್ಪ ಬಿಟ್ಟಿದ್ದ ಲೆಕ್ಕ ಎದುರಿಗೇ ಇತ್ತು. ಇಲ್ಲಿ ಹೀಗೆ ಮಾಡಿದರೆ ಆಗುತ್ತದೆ ಎಂದೆ. ಅವನು ಪುಸ್ತಕ ಮುಚ್ಚಿದ. ಸಿಟ್ಟು ಬಂತೆಂದು ನಾನು ಎದ್ದೆ.

"ಕುಂದ್ರು," ಅಂದ. ಅವ್ವ ಹಿತ್ತಲಲ್ಲಿರುವುದನ್ನು ನೋಡಿಕೊಂಡು, "ಇನ್ನೊಂದ್ಸಲ ಹೇಳು. ಮೆಲ್ಲಕ," ಅಂದ.

ಹೀಗೆ ಶುರುವಾಯಿತು. ದಿನವೂ ಬೆಳಿಗ್ಗೆ ಅವ್ವ ರೊಟ್ಟಿ ಬಡಿಯುವಾಗ ಅಪ್ಪ ಅಡುಗೆಮನೆಗೆ ಬಂದು ಮಣೆ ಹಾಕಿಕೊಂಡು ಕೂರುತ್ತಿದ್ದ. ನಾನು ಕಲ್ಲಿನ ಮೇಲೆ ಬರೆದು ಆ ದಿನದ ಪಾಠ ಹೇಳುತ್ತಿದ್ದೆ. ತಿಳಿಯದಿದ್ದರೆ ಅವನು ಕೇಳುತ್ತಿದ್ದ, ನಿಜವಾಗಿ ಕೇಳುತ್ತಿದ್ದ, ಮಗಳೆಂದು ನಾಚುತ್ತಿರಲಿಲ್ಲ. ಒಮ್ಮೊಮ್ಮೆ ನಾನು ಅಡ್ಡದಾರಿ ಹಿಡಿದು ಸುಲಭ ಮಾಡಿದರೆ ಆ ಹಳೆಯ ನಗು ಮೀಸೆಯಡಿ ಬರುತ್ತಿತ್ತು. ಅವನು ಎದ್ದು ಹೋದ ಮೇಲೆ ಅವ್ವ ಒದ್ದೆ ಅರಿವೆಯಿಂದ ಕಲ್ಲನ್ನು ಒರಸುತ್ತಿದ್ದಳು. ಸಂಜೆ ಪರದೆಯ ಈಚೆ ಕೂತು ನಾನು ಅದೇ ಪಾಠ ಕೇಳುತ್ತಿದ್ದೆ. ನಾನು ಬಳಸಿದ ಮಾತು, ನಲ್ಲಿ, ಹಂಡೆ, ವಾಲುವುದು, ಎಲ್ಲ ಅಪ್ಪನ ತುಂಬು ದನಿಯಲ್ಲಿ ಬರುತ್ತಿತ್ತು. ಹುಡುಗರು ಹಾ ಎನ್ನುತ್ತಿದ್ದರು. ಮೊದಮೊದಲು ನನಗೆ ಹೆಮ್ಮೆಯೇ ಆಗುತ್ತಿತ್ತು. ಆ ಒಂದು ವರ್ಷದಷ್ಟು ಸುಖವಾಗಿ ನಾನು ಆ ಮನೆಯಲ್ಲಿ ಮತ್ತೆಂದೂ ಇರಲಿಲ್ಲ. ಅದನ್ನು ಬರೆಯುವಾಗಲೇ ಕಹಿಯಾಗುತ್ತದೆ, ಏಕೆಂದರೆ ಆ ಸುಖ ಎಷ್ಟು ಅಗ್ಗದ್ದೆಂದು ಈಗ ಗೊತ್ತಿದೆ.

ಎಸ್ಸೆಸ್ಸೆಲ್ಸಿಯಲ್ಲಿ ನಾನು ಶಾಲೆಗೇ ಮೊದಲು ಬಂದೆ. ಅಪ್ಪ ಪೇಡೆ ತಂದು ಓಣಿಗೆಲ್ಲ ಹಂಚಿದ. ಕಾಲೇಜಿಗೆ ಸೇರಿಸುವ ದಿನ ಬೆಳಿಗ್ಗೆ ತಾನೊಬ್ಬನೇ ಹೋಗಿ ಬಂದು, ಊಟಕ್ಕೆ ಕೂತಾಗ ಹೇಳಿದ, ಆರ್ಟ್ಸ್‌ಗೆ ಸೇರಿಸಿ ಬಂದೆ ಎಂದು. ಅವ್ವ ನನ್ನ ತಾಟಿಗೆ ಅನ್ನ ಹಾಕುತ್ತಿದ್ದಳು. ನಾನು ಏನೋ ತಪ್ಪು ಕೇಳಿಸಿಕೊಂಡೆ ಅಂದುಕೊಂಡೆ.

"ಸೈನ್ಸ್ ಅಲ್ಲೇನಪ್ಪ?"

"ಸೈನ್ಸ್‌ನಾಗ ಎಲ್ಲಾ ಗಂಡುಹುಡುಗ್ರು. ಅರ್ಧಕ್ಕರ್ಧ ನನ್ನ ಹುಡುಗ್ರ ಅದಾರ. ದಿನಾ ನಮ್ಮ ಮನಿಗೆ ಬರೋರು. ಅವರ ಜೊತಿ ನೀ ಹೋಗಿ ಕುಂದ್ರೋದು ಚಲೋ ಕಾಣಂಗಿಲ್ಲ."

"ನಾ ಹಿಂದಿನ ಬೆಂಚಿಗೆ ಕುಂದರ್ತೀನಿ. ಯಾರ ಜೊತಿನೂ ಮಾತಾಡಂಗಿಲ್ಲ."

"ಹೇಳಿದ್ನಲ್ಲ."

"ಹರಪನಹಳ್ಳ್ಯಾಗ ಚಿಕ್ಕವ್ವನ ಮನಿ ಐತಿ. ಅಲ್ಲಿ ಇದ್ದು ಓದ್ತೀನಿ. ಅಲ್ಲಿ ನಿನ್ನ ಹುಡುಗ್ರು ಇಲ್ಲ."

ಅಪ್ಪ ಮಜ್ಜಿಗೆ ಕೇಳಿದ. ನಾನು ತಾಟು ಬಿಟ್ಟು ಎದ್ದೆ. ಎರಡು ದಿನ ಉಣ್ಣಲಿಲ್ಲ, ಮಾತಾಡಲಿಲ್ಲ, ನಡುಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಹಾಕಿ ಮಲಗಿದೆ. ತಮ್ಮ, ಆಗಿನ್ನೂ ಸಣ್ಣವನು, ಬಂದು ನನ್ನ ಜಡೆ ಎಳೆದು ಹೋದ. ಅವ್ವ ಅಪ್ಪನ ಹತ್ತಿರ ಏನಾದರೂ ಅಂದಾಳೆಂದು ಕಾದೆ. ಅವಳು ನನ್ನ ಹತ್ತಿರ ಬಂದು ಕೂತು, ಉಣ್ಣು, ಗಂಡಸರು ಒಮ್ಮೆ ಆಡಿದ್ದು ಮುಗೀತು, ಅಂದಳು. ಮೂರನೆಯ ದಿನ ಬೆಳಿಗ್ಗೆ ಅಪ್ಪ ಎಂದಿನಂತೆ ಅಡುಗೆಮನೆಗೆ ಬಂದ, ಎಂದಿನಂತೆ ಮಣೆ ಹಾಕಿದ, ಪುಸ್ತಕ ತೆರೆದು ಕಲ್ಲಿನ ಮೇಲೆ ಇಟ್ಟ.

"ಇವತ್ತು ಇದನ್ನ ಹೇಳಬೇಕು," ಅಂದ.

ನಾನು ಹೇಳಿಕೊಟ್ಟೆ. ಯಾಕೆ ಎಂದು ಈಗ ನನ್ನ ಮಗಳು ನನ್ನನ್ನು ಕೇಳಿದ್ದಾಳೆ. ಪುಸ್ತಕ ಅಪ್ಪನ ಕೈಯಲ್ಲಿತ್ತು. ಹೇಳಿಕೊಟ್ಟರೆ ಪುಸ್ತಕ ಸಿಗುತ್ತಿತ್ತು, ಇಲ್ಲವಾದರೆ ಅದೂ ಇಲ್ಲ. ಬೆಳಿಗ್ಗೆ ಕಾಲೇಜಿನಲ್ಲಿ ಇತಿಹಾಸ, ಅರ್ಥಶಾಸ್ತ್ರ ಕೇಳಿ ಬಂದು, ಮಧ್ಯಾಹ್ನ ಹಿತ್ತಲಲ್ಲಿ ಗುರುತ್ವದ ಅಧ್ಯಾಯ ಓದುತ್ತಿದ್ದೆ. ಕಾಲೇಜಿನಲ್ಲಿ ನಮ್ಮ ಪಕ್ಕದ ಕೋಣೆಯಲ್ಲಿ ಸೈನ್ಸ್ ಹುಡುಗರಿಗೆ ಅದೇ ಪಾಠ ನಡೆಯುತ್ತಿತ್ತು. ಅವರಲ್ಲಿ ಒಬ್ಬಿಬ್ಬರು ನನ್ನನ್ನು ದಾರಿಯಲ್ಲಿ ಕಂಡರೆ, ಮೇಷ್ಟ್ರ ಮಗಳು ಎಂದು ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು. ಅಷ್ಟು ಮರ್ಯಾದೆ.

ಗುರುತ್ವ ನನ್ನನ್ನು ಹಿಡಿದದ್ದು ಒಂದು ಲೆಕ್ಕದಿಂದ. ಭೂಮಿಯಿಂದ ದೂರ ಹೋದಂತೆ ಅದರ ಎಳೆತ ಕಡಿಮೆಯಾಗುತ್ತದೆ, ಆದರೆ ಎಲ್ಲಿಯೂ ಪೂರ್ತಿ ಮುಗಿಯುವುದಿಲ್ಲ. ಹಾಗಾದರೆ ಭೂಮಿಯನ್ನು ಬಿಟ್ಟು ಹೋಗುವುದೆಂದರೆ ಎಂದಿಗೂ ಮುಗಿಯದ ಜಗ್ಗಾಟ. ಆ ಜಗ್ಗಾಟವನ್ನೆಲ್ಲ ಚೂರು ಚೂರಾಗಿ ಕೂಡಿದೆ, ಕೊನೆಯೇ ಇಲ್ಲದ ದೂರದವರೆಗೆ. ಉತ್ತರ ಅನಂತ ಬರುತ್ತದೆ ಎಂದೇ ಕಾದಿದ್ದೆ. ಬರಲಿಲ್ಲ. ಎಳೆತ ಒಂಚೂರೂ ಕಡಿಮೆಯಾಗದೆ ಇದ್ದಿದ್ದರೆ, ಭೂಮಿಯ ತ್ರಿಜ್ಯದಷ್ಟು ಮಾತ್ರ ಎತ್ತರಕ್ಕೆ ಏರಲು ಎಷ್ಟು ಬೇಕಾಗುತ್ತಿತ್ತೋ ಅಷ್ಟೇ ಬಂತು. ತಪ್ಪಿರಬೇಕೆಂದು ಮತ್ತೆ ಮಾಡಿದೆ. ಅದೇ ಬಂತು. ಹಿತ್ತಲ ಕಟ್ಟೆಯ ಮೇಲೆ ಸುಮ್ಮನೆ ಕೂತೆ. ನನ್ನ ವಯಸ್ಸಿನ ಹುಡುಗಿಯರು ಬೇರೆ ಯಾವುದಕ್ಕೋ ಅಳುತ್ತಿದ್ದರು. ನಾನು ಅಂದು ಅತ್ತದ್ದು ಈ ಉತ್ತರಕ್ಕೆ.

ಅಪ್ಪ ಆ ದಿನಗಳಲ್ಲಿ ಇಟ್ಟಿಗಿ ಎಂಬ ಊರಿಗೆ ಹೋಗಿದ್ದ. ಅಲ್ಲಿ ಅವನ ಸೋದರಮಾವ ತೀರಿಕೊಂಡಿದ್ದ. ವಾಪಸು ಬಂದ ಬಸ್ಸು ತಡವಾಗಿ, ಅವನು ಮನೆಗೆ ಬರುವ ಹೊತ್ತಿಗೆ ಹುಡುಗರು ಬಂದು ಕೂತಿದ್ದರು. ಕಾಲು ತೊಳೆದು ಹಾಗೆಯೇ ಪಡಸಾಲೆಗೆ ಹೋದ. ಬೆಳಗಿನ ಪಾಠ ನಡೆದಿರಲಿಲ್ಲ. ನಾನು ಪರದೆಯ ಈಚೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದೆ. ಅಪ್ಪ ತೂಕವನ್ನು ಎತ್ತರದಿಂದ ಗುಣಿಸುವ ಹಳೆಯ ಸೂತ್ರದಿಂದಲೇ ಗುರುತ್ವ ಶುರು ಮಾಡಿದ. ತುಸು ಹೊತ್ತಿಗೆ ರಫೀಕನ ದನಿ ಕೇಳಿತು. ಬಸ್ ಸ್ಟ್ಯಾಂಡಿನ ಹತ್ತಿರ ಮೋಟಾರು ರಿಪೇರಿ ಮಾಡುವವರ ಮಗ ಅವನು. ತಿಳಿದವರ ದನಿಗಳಲ್ಲಿ ಅವನದೇ ಮೊದಲನೆಯದು.

"ಸರ್, ಕಲ್ಲು ಮ್ಯಾಲೆ ಎತ್ತಾಕ ಎಂಜಿಎಚ್ ಅಷ್ಟು ಕೆಲಸ ಬೇಕು ಅಂದ್ರಿ. ಎತ್ತರ ಹೆಚ್ಚಾದಂಗ ಕೆಲಸನೂ ಹೆಚ್ಚು. ಭೂಮಿ ಬಿಟ್ಟು ಹೊಂಟೇ ಹೋಗಬೇಕಂದ್ರ ಎತ್ತರಕ್ಕ ಕೊನೀನ ಇಲ್ಲಲ್ರಿ. ಹಂಗಾರ ಕೆಲಸಕ್ಕೂ ಕೊನಿ ಇರಬಾರದು. ರಾಕೆಟ್ ಹೆಂಗ ಹೋಗತಾವ್ರಿ?"

ಹಲಗೆಯ ಮೇಲೆ ಸೀಮೆಸುಣ್ಣ ಓಡಿತು, ನಿಂತಿತು. ಒರೆಸಿದ ಸದ್ದು. ಮತ್ತೆ ಓಡಿತು, ಮತ್ತೆ ನಿಂತಿತು. ಹುಡುಗರು ಅಲುಗಾಡಿದ್ದು ಕೇಳಿತು. ಯಾರೋ ಒಬ್ಬ ಮೆಲ್ಲಗೆ ನಕ್ಕ. ಆ ನಗೆ ಅಪ್ಪನಿಗೆ ಕೇಳಿಸಿತೋ ಇಲ್ಲವೋ, ನನಗೆ ಕೇಳಿಸಿತು. ಅಪ್ಪನ ಕಾಲು ಅಲುಗುತ್ತಿರಬೇಕು ಅನ್ನಿಸಿತು. ಅವನನ್ನು ಉಳಿಸಬೇಕೆಂದು ನಾನು ಬಾಯಿಬಿಟ್ಟೆ. ಇದನ್ನು ಅಪ್ಪ ಎಂದೂ ನಂಬಲಿಲ್ಲ.

"ಎಳೆತ ಒಂದೇ ಸಮ ಇರಂಗಿಲ್ಲ," ಅಂದೆ ಪರದೆಯ ಈಚೆಯಿಂದ. "ಭೂಮಿ ನಡುವಿನಿಂದ ಎರಡು ಪಟ್ಟು ದೂರ ಹೋದ್ರ ನಾಕನೇ ಒಂದು ಪಾಲು ಆಗತೈತಿ. ಅದಕ್ಕ ಎಂಜಿಎಚ್ ಅಲ್ಲಿ ನಡಿಯಂಗಿಲ್ಲ. ಚೂರು ಚೂರು ಕೆಲಸ ಕೂಡಬೇಕು, ಇಂಟಿಗ್ರೇಟ್ ಮಾಡಬೇಕು. ಕೊನಿ ಇಲ್ಲದಷ್ಟು ದೂರದ ತನಕ ಕೂಡಿದ್ರೂ ಎಂಜಿಆರ್ ಅಷ್ಟ ಬರತೈತಿ. ಆರ್ ಅಂದ್ರ ಭೂಮಿ ತ್ರಿಜ್ಯ. ದಾರಿ ಮುಗಿಯಂಗಿಲ್ಲ. ಕೆಲಸ ಮುಗೀತೈತಿ."

ಪಡಸಾಲೆಯಲ್ಲಿ ಒಂದು ಪೆನ್ನು ಬರೆಯುವ ಸದ್ದು ಬಂತು. ಬಹುಶಃ ರಫೀಕನದು. ಅಪ್ಪ ಗಂಟಲು ಸರಿಮಾಡಿಕೊಂಡ.

"ನಿನ್ನೆ ಆಕಿಗೆ ಹೇಳಿಕೊಟ್ಟಿದ್ದೆ," ಅಂದ. "ಗಿಣಿ ಹಂಗ ಹೇಳ್ತಾಳ ನೋಡ್ರಿ."

ಹುಡುಗರು ನಕ್ಕರು. ಅವರ ನಗೆಯಲ್ಲಿ ಕೆಟ್ಟದ್ದೇನಿರಲಿಲ್ಲ. ಮೇಷ್ಟ್ರು ಮತ್ತೆ ಮೇಷ್ಟ್ರಾದರು ಎಂಬ ನೆಮ್ಮದಿಯ ನಗೆ ಅದು. ನಿನ್ನೆ ಅವನು ಇಟ್ಟಿಗಿಯಲ್ಲಿ ಹೆಣದ ಮುಂದೆ ಕೂತಿದ್ದ. ನಾನು ಹುಣಸೆಹಣ್ಣಿನ ಬುಟ್ಟಿ ಎತ್ತಿಕೊಂಡು ಅಡುಗೆಮನೆಗೆ ಹೋದೆ.

ಹೊಡೆಯುತ್ತಾನೆಂದು ಕಾದಿದ್ದೆ. ಹೊಡೆಯಲಿಲ್ಲ, ಬಯ್ಯಲಿಲ್ಲ. ಮರುದಿನ ಬೆಳಿಗ್ಗೆ ಮಣೆ ಹಾಕಿಟ್ಟು ಸೀಮೆಸುಣ್ಣ ಹಿಡಿದು ಕೂತೆ, ಅವನು ಬರಲಿಲ್ಲ. ಪುಸ್ತಕಗಳನ್ನೆಲ್ಲ ಸೈಕಲ್ಲಿಗೆ ಕಟ್ಟಿಕೊಂಡು ಶಾಲೆಗೆ ಒಯ್ದ, ಅಲ್ಲಿಯ ಕಪಾಟಿನಲ್ಲಿಟ್ಟು ಬೀಗ ಹಾಕಿದ. ಆ ವಾರವೇ ಬಡಿಗನನ್ನು ಕರೆಸಿ ಒಳಬಾಗಿಲಿಗೆ ಚಿಲಕ ಹಾಕಿಸಿದ, ಪಡಸಾಲೆಯ ಕಡೆಗೆ. ಬಡಿಗ ಒಳಗೆ ಇಣುಕಿ, ಚಿಲಕ ಒಳಗಿನ ಕಡಿ ಬ್ಯಾಡೇನ್ರಿ, ಹೆಣ್ಮಕ್ಕಳು ಇರೋ ಕಡಿ ಹಾಕೋದು ವಾಡಿಕಿ, ಎಂದು ಕೇಳಿದ. ಪಡಸಾಲೆಯ ಕಡೆಗೇ ಹಾಕು ಅಂದ ಅಪ್ಪ. ಅವ್ವ ನನ್ನ ಪಕ್ಕ ನಿಂತು ಇದನ್ನೆಲ್ಲ ನೋಡಿದಳು. ಬಡಿಗ ಹೋದ ಮೇಲೆ, ನನ್ನ ಕಡೆ ತಿರುಗದೆ, ಅಂದಳು:

"ಬಾಯಿ ಹಿಡಕೊಂಡಿದ್ರ ಇನ್ನೊಂದು ವರ್ಷ ಓದ್ಕೊಂಡಿರತಿದ್ದಿ."

ಅವ್ವನಿಗೆ ಏನೂ ತಿಳಿಯುವುದಿಲ್ಲ ಎಂದು ಅಲ್ಲಿಯ ತನಕ ನಂಬಿದ್ದೆ. ಅವಳಿಗೆ ಎಲ್ಲ ತಿಳಿದಿತ್ತು, ತನಗೆ ಕೈಲಾದಷ್ಟು ಕಾಲ ಅದನ್ನು ನಡೆಯಗೊಟ್ಟಿದ್ದಳು. ದಿನವೂ ಕಲ್ಲನ್ನು ಅಷ್ಟು ಬೇಗ ಒರಸುತ್ತಿದ್ದುದು ಯಾರ ಕಣ್ಣಿಗೂ ಬೀಳದಿರಲೆಂದು. ಅದು ಗೊತ್ತಾದಾಗ ಅವಳ ಮೇಲೆ ಪ್ರೀತಿ ಬರಬೇಕಿತ್ತು. ನನಗೆ ಅವಳ ಮೇಲೂ ಸಿಟ್ಟೇ ಬಂತು. ಅಷ್ಟು ತಿಳಿದವಳು ಊಟದ ಹೊತ್ತಿನಲ್ಲಿ ಒಂದು ಮಾತು ಆಡಬಹುದಿತ್ತು.

ಅಪ್ಪ ಗೈಡು ಇಟ್ಟುಕೊಂಡು ಆ ವರ್ಷದ ಪಿಯುಸಿ ಟ್ಯೂಷನ್ ಮುಗಿಸಿದ. ಮುಂದಿನ ವರ್ಷ ಕಣ್ಣಿನ ನೆಪ ಹೇಳಿ ಬಿಟ್ಟ. ನಾನು ಬಿ.ಎ. ಮಾಡಿದೆ, ಬಿ.ಎಡ್. ಮಾಡಿದೆ, ಹಡಗಲಿಯ ಬೀಜ-ಗೊಬ್ಬರದ ಅಂಗಡಿಯವರ ಮನೆಗೆ ಸೊಸೆಯಾಗಿ ಹೋದೆ. ಗಂಡ ಒಳ್ಳೆಯವರು, ಈ ಕಥೆಯಲ್ಲಿ ಅವರದೇನೂ ತಪ್ಪಿಲ್ಲ. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದೆ. ಲೆಕ್ಕದ ಮೇಷ್ಟ್ರು ರಜೆ ಹಾಕಿದ ದಿನ ಹೆಡ್‌ಮಾಸ್ತರು ಸ್ಟಾಫ್ ರೂಮಿಗೆ ಬಂದು, ಯಾರಾದರೂ ಆ ಪಿರಿಯಡ್ ನೋಡಿಕೊಳ್ಳುತ್ತೀರಾ ಎಂದು ಕೇಳಿದರೆ ನಾನು ತಲೆ ತಗ್ಗಿಸಿ ಕೂರುತ್ತಿದ್ದೆ. ಉತ್ತರ ಗೊತ್ತಿದ್ದಾಗ ಮೊದಲು ಇದು ಯಾರ ಪಡಸಾಲೆ ಎಂದು ನೋಡಿಕೊಳ್ಳುವುದು ನನಗೆ ಅಭ್ಯಾಸವಾಗಿ ಹೋಗಿದೆ. ಮಗಳು ಪಿಯುಸಿಗೆ ಬಂದಾಗ ಅವಳ ಪುಸ್ತಕ ತೆರೆದೆ. ಎಷ್ಟೋ ಮರೆತಿತ್ತು. ನನ್ನದೇ ಮನೆಯಲ್ಲಿ ಕಳ್ಳಿಯ ಹಾಗೆ ಪುಟ ತಿರುವುತ್ತಿದ್ದೇನೆ ಎಂದು ಗೊತ್ತಾಗಿ ಮುಚ್ಚಿಟ್ಟೆ. ಅವಳಿಗೆ ಯಾರೋ ಮೊಬೈಲಿನಲ್ಲಿ ಬಂದು ಪಾಠ ಹೇಳುತ್ತಿದ್ದರು, ಅವರು ನನಗಿಂತ ಚೆನ್ನಾಗಿಯೇ ಹೇಳುತ್ತಿದ್ದರು.

ಹೋದ ವರ್ಷ ಅಪ್ಪನ ಹಳೆಯ ಶಿಷ್ಯರೆಲ್ಲ ಸೇರಿ ಕೊಟ್ಟೂರಿನ ಕಲ್ಯಾಣ ಮಂಟಪದಲ್ಲಿ ಅವನಿಗೆ ಸನ್ಮಾನ ಮಾಡಿದರು. ಅವ್ವ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಅಪ್ಪ ತಮ್ಮನ ಮನೆಯಲ್ಲಿ ಮೊಮ್ಮಕ್ಕಳ ನಡುವೆ ಚೆನ್ನಾಗಿಯೇ ಇದ್ದಾನೆ. ನಾನು ಮುಂದಿನ ಸಾಲಿನಲ್ಲಿ ಕೂತಿದ್ದೆ. ರಫೀಕ್ ಈಗ ಫಿಸಿಕ್ಸ್ ಲೆಕ್ಚರರ್, ತಲೆ ಬೆಳ್ಳಗಾಗಿದೆ. ಸಭೆಯನ್ನು ಏರ್ಪಡಿಸಿದ್ದೇ ಅವನು. ಗುರುತ್ವ ನನಗೆ ಅರ್ಥವಾದದ್ದು ಸರ್ ಮನೆಯಲ್ಲಿ ಎಂದು ಮೈಕಿನಲ್ಲಿ ಹೇಳಿದ. ಸರ್ ಹೇಳಿಕೊಟ್ಟರು ಅನ್ನಲಿಲ್ಲ, ಸರ್ ಮನೆಯಲ್ಲಿ ಅಂದ. ನಾನು ತಲೆಯೆತ್ತಿ ನೋಡಿದೆ, ಅವನು ಬೇರೆ ಕಡೆ ನೋಡುತ್ತಿದ್ದ. ಕೊನೆಗೆ ಅಪ್ಪ ಮಾತಾಡಿದ. ಶಾಲು ಹೊದ್ದು, ಹಾರದ ಭಾರಕ್ಕೆ ಕುತ್ತಿಗೆ ಬಾಗಿಸಿಕೊಂಡು, ಎಲ್ಲರನ್ನೂ ಹೆಸರು ಹಿಡಿದು ನೆನೆದ. ಹೆಂಡತಿಯನ್ನು ನೆನೆದ. ಆಮೇಲೆ ನನ್ನ ಕಡೆ ಕೈ ತೋರಿಸಿದ.

"ನನ್ನ ಮಗಳು ಬಂದಾಳ. ಪಾಪ, ಬಂದ ಹುಡುಗ್ರಿಗೆಲ್ಲ ಚಾ ಮಾಡಿ ಕೊಟ್ಟು ಕೊಟ್ಟು ಸಾಕಾಗಿದ್ಲು."

ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಮನೆಯಲ್ಲಿ ಟ್ಯೂಷನ್ ಹುಡುಗರಿಗೆ ಎಂದೂ ಯಾರೂ ಚಹ ಕೊಟ್ಟಿರಲಿಲ್ಲ. ಅದು ಅಲ್ಲಿದ್ದ ಪ್ರತಿಯೊಬ್ಬನಿಗೂ ಗೊತ್ತಿತ್ತು. ಆದರೂ ತಟ್ಟಿದರು. ನಾನು ಎದ್ದು ನಿಂತು ಕೈಮುಗಿದೆ.

ಊಟದ ಹಾಲ್‌ನಲ್ಲಿ ರಫೀಕ್ ಎಲೆ ಬಿಟ್ಟು ನನ್ನ ಹತ್ತಿರ ಬಂದ. ನಾವು ಎದುರಾಬದುರು ಮಾತಾಡಿದ್ದು ಅದೇ ಮೊದಲು.

"ಅಕ್ಕಾ, ನನಗ ಗೊತ್ತಿತ್ತು," ಅಂದ. "ಅವತ್ತ ಗೊತ್ತಾಗಿತ್ತು. ಗಿಣಿ ಹಂಗ ಹೇಳೋರು ಹಂಗ ಹೇಳಂಗಿಲ್ಲ."

"ಗೊತ್ತಿದ್ದು ಏನ್ ಮಾಡಿದಿ?"

"ಸರ್‌ಗೆ ಬ್ಯಾಸರ ಆಗತಿತ್ತಲ್ರಿ," ಅಂದ. ನಾನು ತಲೆಯಾಡಿಸಿದೆ. ಒಳ್ಳೆಯ ಮನುಷ್ಯ. ಹೋಳಿಗೆ ತಿನ್ನು, ತಣ್ಣಗಾಗತೈತಿ, ಎಂದು ಕಳಿಸಿದೆ.

ಸಂಜೆ ತಮ್ಮನ ಮನೆಯಲ್ಲಿ ಅಪ್ಪ ಕುರ್ಚಿಯಲ್ಲಿ ಕೂತು ಬಂದ ಶಾಲುಗಳನ್ನು ಮೊಮ್ಮಗನಿಂದ ಮಡಿಚಿಸುತ್ತಿದ್ದ. ಹುಡುಗ ಎದ್ದು ಹೋದ ಮೇಲೆ ನಾನು ಕೇಳಿದೆ. ಇಷ್ಟು ವರ್ಷ ಕೇಳದೆ ಇದ್ದದ್ದು ಏಕೆಂದರೆ ಅವನು ಏನು ಹೇಳಬಹುದು ಎಂಬುದೆಲ್ಲ ನನಗೆ ಗೊತ್ತಿದೆ ಅಂದುಕೊಂಡಿದ್ದೆ. ಹೆಣ್ಣುಮಗಳು, ಊರಿನವರ ಬಾಯಿ, ಆಗಿನ ಕಾಲವೇ ಹಾಗಿತ್ತು, ಇವುಗಳಲ್ಲಿ ಯಾವುದೋ ಒಂದು. ಅದಕ್ಕೆ ಕೊಡಬೇಕಾದ ಉತ್ತರವನ್ನೂ ಎಂದೋ ಸಿದ್ಧಮಾಡಿಕೊಂಡಿದ್ದೆ.

"ಅಪ್ಪ, ನನ್ನ ಯಾಕ ಸೈನ್ಸ್‌ಗೆ ಹಾಕಲಿಲ್ಲ?"

ಅಪ್ಪ ಯೋಚಿಸಿದ. ಅವನಿಗೆ ಪ್ರಶ್ನೆ ಅನಿರೀಕ್ಷಿತ ಅನ್ನಿಸಿದಂತೆ ಕಾಣಲಿಲ್ಲ.

"ನೀ ಕಾಲೇಜಿಗೆ ಹೋಗಿದ್ರ ಆ ಹುಡುಗ್ರು ನಿನ್ನ ಕೇಳತಿದ್ರು," ಅಂದ. "ನನ್ನ ಹತ್ರ ಯಾಕ ಬರತಿದ್ರು?"

ಅವನ ದನಿಯಲ್ಲಿ ಪಶ್ಚಾತ್ತಾಪವಿರಲಿಲ್ಲ, ಸಿಟ್ಟೂ ಇರಲಿಲ್ಲ. ಹಲಗೆಯ ಮೇಲೆ ಉತ್ತರ ಬರೆದು ಕೆಳಗೆ ಗೆರೆ ಎಳೆಯುವವನ ದನಿ. ಸುಳ್ಳಿಗೆ ನನ್ನಲ್ಲಿ ಉತ್ತರವಿತ್ತು, ಇದಕ್ಕೆ ಇರಲಿಲ್ಲ. ಫ್ಯಾನು ಜೋರಾಯಿತು, ಸ್ವಲ್ಪ ಕಡಿಮೆ ಮಾಡು ಅಂದ. ಎದ್ದು ಕಡಿಮೆ ಮಾಡಿದೆ.

ಬೆಳಿಗ್ಗೆ ಹಡಗಲಿಯ ಬಸ್ಸಿಗೆ ಹೊರಟಾಗ ಅವನು ಬಾಗಿಲ ತನಕ ಕೋಲೂರಿಕೊಂಡು ಬಂದ.

"ಮತ್ತ ಯಾವಾಗ ಬರತಿ?"

ಹಿಂದೆಲ್ಲ ನಾನು ಹಬ್ಬವನ್ನೋ ವಾರವನ್ನೋ ಹೆಸರಿಸಿಯೇ ಹೊರಡುತ್ತಿದ್ದೆ. ಅಂದು, ನೋಡ್ತೀನಪ್ಪ, ಅಂದೆ. ಬಸ್ ಸ್ಟ್ಯಾಂಡಿಗೆ ಬಿಡುತ್ತೇನೆಂದು ತಮ್ಮ ಬೈಕು ತೆಗೆದ. ಬೇಡವೆಂದು ನಡೆದೇ ಹೋದೆ.